ದೊರೆಯ ಕೊರಳಿಗೆ ಗಟ್ಟಿ ಹೊಲಿಗೆ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಗಟ್ಟಿ ಹೊಲಿಗೆ’. “ಅವಳ ಹತ್ರ ಕೊಡಿ, ಬಟ್ಟೆ ಹರಿದ್ರೂ ಹೊಲಿಗೆ ಬಿಡಲ್ಲ” ಎಂದು ಗ್ಯಾರೇಜಿನ ಮೇಸ್ತ್ರಿ ಯಾವತ್ತೋ ಹೇಳಿದ ಮಾತು ಬಾಯಿಂದ ಬಾಯಿಗೆ ಹರಿದು, ಕೊನೆಗೆ ಅವಳ ಹೆಸರನ್ನೇ ನುಂಗಿ ನೀರು ಕುಡಿದಿತ್ತು. ಅವಳಿಗೇನೂ ಬೇಜಾರಿರಲಿಲ್ಲ. ಒಳಗೊಳಗೇ ಹೆಮ್ಮೆಯೇ.

ನಾಜೂಕಿನ ಬಟ್ಟೆ ಅವಳ ಕೈಗೆ ಒಗ್ಗುತ್ತಿರಲಿಲ್ಲ. ಗ್ಯಾರೇಜಿನವರ ಮೇಲಂಗಿ, ಮಾಂಸದಂಗಡಿಯವನ ಏಪ್ರನ್ನು, ಮಕ್ಕಳ ಶಾಲೆ ಚೀಲ, ಲಾರಿಗೆ ಹೊದಿಸುವ ಟಾರ್ಪಾಲು, ಇಂಥವೇ ಅವಳ ಮುಂದಿನ ಕೋಣೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಒಂದು ಸಲ ಓಡಿಸಿದ ಹೊಲಿಗೆ ಅವಳ ಲೆಕ್ಕದಲ್ಲಿ ಹೊಲಿಗೆಯೇ ಅಲ್ಲ. ಪಕ್ಕದಲ್ಲೇ ಇನ್ನೊಂದು ಸಾಲು ಓಡಬೇಕು, ಕೊನೆಯಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಎಳೆದು ದಾರ ತನ್ನಲ್ಲೇ ತಾನು ಕಚ್ಚಿಕೊಳ್ಳಬೇಕು. ಎಲಾಸ್ಟಿಕ್ ಎಂದರೆ ಅವಳಿಗೆ ಮೈಯೆಲ್ಲ ಉರಿ. ಅದು ಸೋಮಾರಿಗಳ ಕಸುಬು ಅನ್ನುವಳು. ಹೊಲಿಗೆ ಬಿಚ್ಚಿತು ಎಂದು ಯಾರಾದರೂ ಬಟ್ಟೆ ವಾಪಸು ತಂದರೆ ಕೆನ್ನೆಗೆ ಹೊಡೆಸಿಕೊಂಡಷ್ಟು ಅವಮಾನ. ಹಾಗೆ ತಂದವರೂ ಇರಲಿಲ್ಲ ಬಿಡಿ.

ಗಂಡ ಲಾರಿ ಓಡಿಸುವವನು. ವಾರಕ್ಕೊಮ್ಮೆ ಮನೆಗೆ ಬಂದರೆ ಅದೇ ಹೆಚ್ಚು; ಬಂದ ದಿನ ಉಣ್ಣುವುದು, ಮಲಗುವುದು, ಮಾರನೆಯ ದಿನ ಮತ್ತೆ ಹೊರಡುವುದು. ಮಕ್ಕಳಾಗಲಿಲ್ಲ. ಹೀಗಿರುವಾಗ ಒಂದು ದಿನ ಅವಳ ಚಿಂದಿ ಬುಟ್ಟಿಯೊಳಗೆ ಒಂದು ಬೆಕ್ಕಿನ ಮರಿ ಮಲಗಿತ್ತು. ಯಾರು ತಂದು ಬಿಟ್ಟರೋ, ತಾನಾಗಿ ಬಂತೋ, ಗೊತ್ತಿಲ್ಲ. ಬೆಳೆಯುತ್ತಾ ಬೆಳೆಯುತ್ತಾ ಅದಕ್ಕೆ ಎಂಥ ಗತ್ತು ಬಂತೆಂದರೆ ಅವಳು ಅದನ್ನು ‘ದೊರೆ’ ಎಂದೇ ಕರೆದಳು. ಮೆಷಿನ್ನು ಓಡುವಾಗ ಅದರ ಪಕ್ಕದ ಹಲಗೆಯ ಮೇಲೆ ಮಲಗಿ ಅಲುಗಾಟಕ್ಕೆ ತೂಕಡಿಸುತ್ತಿತ್ತು. ದಾರ ಮುಗಿದು ಮೆಷಿನ್ನು ನಿಂತರೆ ಒಂದು ಕಣ್ಣು ತೆರೆದು, ಯಾಕೆ ನಿಲ್ಲಿಸಿದೆ ಎಂಬಂತೆ ನೋಡುತ್ತಿತ್ತು. ಅವಳಿಗೆ ಅದರ ಮೇಲೆ ಜೀವ. ಇದರಲ್ಲಿ ಮುಚ್ಚುಮರೆ ಏನಿದೆ? ದಿನವಿಡೀ ಅವಳ ಜೊತೆ ಕೂತಿರುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ.

ಅತ್ತೆ ಇರಲಿಲ್ಲವೇ ಎಂದರೆ, ಇದ್ದರು. ಹಿತ್ತಲಲ್ಲಿ ಇದ್ದರು.

ಅತ್ತೆ ಎಂಬಾಕೆ ಆಯುಸ್ಸಿನ ಬಹುಪಾಲನ್ನು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಳೆದವರು. ಅಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆಯುವ ವಿಭಾಗ. ಕಿಟಕಿಯಿಲ್ಲ, ಬೆಳಕೆಂದರೆ ಟ್ಯೂಬ್‌ಲೈಟು, ಸದ್ದೆಂದರೆ ಬಟ್ಟೆ ತಿರುಗಿಸುವ ಯಂತ್ರದ್ದು. ನಿವೃತ್ತರಾಗಿ ಮನೆಯಲ್ಲಿ ಉಳಿದ ಮೊದಲ ಬೆಳಗ್ಗೆ ಹಿತ್ತಲಿನಲ್ಲಿ ಹಕ್ಕಿ ಕೂಗಿದ್ದು ಕೇಳಿ, ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನಿಂತುಬಿಟ್ಟಿದ್ದರಂತೆ. ಅಂದಿನಿಂದ ಹಿತ್ತಲು ಅವರದು, ಹಕ್ಕಿಗಳು ಅವರವು. ಮಣ್ಣಿನ ತಟ್ಟೆಯಲ್ಲಿ ನೀರು, ಕಲ್ಲಿನ ಮೇಲೆ ಅಕ್ಕಿ ನುಚ್ಚು, ಒಂದು ಮೊಣಕಾಲೆತ್ತರದ ಸ್ಟೂಲು, ಅದರ ಮೇಲೆ ಅತ್ತೆ.

ಎತ್ತು ಏರಿಗೆ, ಕೋಣ ನೀರಿಗೆ ಅನ್ನುತ್ತಾರಲ್ಲ, ಹಾಗಾಯಿತು ಆ ಮನೆ. ಮುಂದಿನ ಕೋಣೆಯಲ್ಲಿ ಬೆಕ್ಕು, ಹಿಂದಿನ ಹಿತ್ತಲಲ್ಲಿ ಹಕ್ಕಿ. ನಡುವೆ ಒಂದು ನಡುಮನೆ, ಒಂದು ಅಡುಗೆಮನೆ.

ದೊರೆ ತನ್ನ ಮೊದಲ ಬೇಟೆಯನ್ನು ತಂದು ಅತ್ತೆಯ ಚಪ್ಪಲಿಯ ಮೇಲೇ ಇಟ್ಟಿತು. ಒಂದು ಗುಬ್ಬಚ್ಚಿ. ಇಟ್ಟು, ಪಕ್ಕದಲ್ಲಿ ಕೂತು, ಮೀಸೆ ತೀಡಿಕೊಂಡಿತು. ಕಾಣಿಕೆ ಕೊಟ್ಟೆ, ಮೆಚ್ಚಿಕೊಳ್ಳಿ ಎಂಬ ಠೀವಿ. ಅತ್ತೆ ಆ ದಿನ ಊಟ ಮಾಡಲಿಲ್ಲ.

“ಹೊಟ್ಟೆಗೆ ಸರಿಯಾಗಿ ಹಾಕು ಅದಕ್ಕೆ” ಎಂದರು.

“ಮೂರು ಹೊತ್ತೂ ಹಾಕ್ತೀನಿ ಅತ್ತೆ. ಮೀನೂ ಹಾಕ್ತೀನಿ.”

“ಹಾಗಾದ್ರೆ ಯಾಕೆ ಹಿಡೀಬೇಕು?”

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಆ ಗಾದೆಯನ್ನು ಅತ್ತೆ ಸೊಸೆಯ ಮೇಲೂ ತಿರುಗಿಸಬಲ್ಲವರು.

ಗಂಟೆ ಕಟ್ಟಿ ನೋಡಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಸಭೆ ಸೇರಿದ್ದವಂತೆ. ಪಾಪ, ಕಟ್ಟಿದ ಮೇಲೂ ಪ್ರಯೋಜನವಿಲ್ಲ ಎಂದು ಅವಕ್ಕೆ ಯಾರು ಹೇಳಬೇಕು? ದೊರೆ ಕೆಲವೇ ದಿನಗಳಲ್ಲಿ ಗಂಟೆ ಅಲುಗದಂತೆ ಕತ್ತು ಬಿಗಿಹಿಡಿದು ನಡೆಯುವುದನ್ನು ಕಲಿತುಬಿಟ್ಟಿತು. ಬೇಸಿಗೆಯ ಮೊದಲಿಗೆ ದಾಸವಾಳದ ಗಿಡದಲ್ಲಿ ಒಂದು ಜೋಡಿ ಪಿಕಳಾರ ಹಕ್ಕಿ ಗೂಡು ಕಟ್ಟಿದವು. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಆ ಗೂಡಿನ ಮರಿಗಳನ್ನೆಲ್ಲ ದೊರೆ ಒಂದೇ ಮಧ್ಯಾಹ್ನ ಮುಗಿಸಿತು. ತಾಯಿಹಕ್ಕಿ ಖಾಲಿ ಗೂಡಿನ ಬಾಯಿಗೆ ಹುಳು ಕಚ್ಚಿಕೊಂಡು ಬಂದು ಬಂದು ಹೋಗುವುದನ್ನು ಅತ್ತೆ ಸ್ಟೂಲಿನ ಮೇಲೆ ಕೂತು ನೋಡಿದರು.

ಆ ವಾರ ಲಾರಿ ಇಳಿದು ಮಗ ಮನೆಗೆ ಬಂದಾಗ ಪಂಚಾಯಿತಿಯಾಯಿತು. ಮಗನೋ, ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದವನು. “ಅಮ್ಮ ಹೇಳೋದೂ ಸರಿ, ಇವಳು ಹೇಳೋದೂ ಸರಿ” ಎಂದು ಅನ್ನದ ತಟ್ಟೆಗೆ ತಲೆ ಬಗ್ಗಿಸಿದ. ಅತ್ತೆ ಬಿಡಲಿಲ್ಲ.

“ನಂದು ಒಂದೇ ಮಾತು ಕಣಪ್ಪ. ಇನ್ನೊಂದು ಹಕ್ಕಿ ಸಾಯಲಿ, ಈ ಬೆಕ್ಕನ್ನ ನಿನ್ನ ಲಾರಿಗೆ ಹತ್ತಿಸ್ತೀನಿ. ಯಾವುದಾದ್ರೂ ದೂರದ ಗೋಡೌನಿನಲ್ಲಿ ಇಳಿಸಿ ಬಾ. ಇಲಿ ತಿಂದ್ಕೊಂಡು ಇರುತ್ತೆ.”

ಗಂಡ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ, ಕೊನೆಗೆ “ಹೂಂ” ಅಂದ. ದೂರದ ಗೋಡೌನು ಎಂದರೆ ಏನು ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ನಾಯಿಗಳಿರುತ್ತವೆ.

ಮಾರನೆಯ ದಿನವೇ ದನದ ಆಸ್ಪತ್ರೆಗೆ ಹೋಗಿ ಅಲ್ಲಿನ ಕಾಂಪೌಂಡರನನ್ನು ಹಿಡಿದಳು. ಅವನು ಅವಳಿಂದ ಚೀಲ ಹೊಲಿಸಿಕೊಂಡವನು, ಪರಿಚಯದವನು. ಹಕ್ಕಿಗಳ ಕಣ್ಣಿಗೆ ಬಣ್ಣ ಬಲು ಬೇಗ ಬೀಳುತ್ತದೆ, ಬೆಕ್ಕಿನ ಕೊರಳಿಗೆ ಕಣ್ಣು ಕುಕ್ಕುವ ಬಣ್ಣದ ಅಗಲವಾದ ಪಟ್ಟಿ ಹಾಕಿದರೆ ದೂರದಿಂದಲೇ ಕಂಡು ಹಾರಿಹೋಗುತ್ತವೆ ಎಂದು ಅವನು ಹೇಳಿದ.

“ಆದ್ರೆ ಅಕ್ಕಾ, ಒಂದು ಕಡೆ ಹೊಲಿಗೆ ಸಡಿಲ ಬಿಡಿ. ಇಲ್ಲಾಂದ್ರೆ ಎಲಾಸ್ಟಿಕ್ ಹಾಕಿ. ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಕಿತ್ಕೊಂಡು ಬರಬೇಕು ಅದು.”

ಅವನು ಹೇಳಿದ ಮೊದಲರ್ಧ ಅವಳ ಕಿವಿಗೆ ಹೋಯಿತು. ಎರಡನೆಯ ಅರ್ಧ ಹೋಗಲಿಲ್ಲ ಎಂದಲ್ಲ, ಹೋಗಿ ಚುಚ್ಚಿತು. ಸಡಿಲ ಹೊಲಿಗೆಯಂತೆ! ಇಡೀ ಬೀದಿಯೇ ಒಪ್ಪಿದ ಕೈಗೆ ಇವನು ಪಾಠ ಹೇಳುತ್ತಾನೆ. ಅಲ್ಲದೆ ಪಟ್ಟಿ ಕಿತ್ತುಬಂದ ದಿನವೇ ದೊರೆ ಹಕ್ಕಿ ಹಿಡಿದರೆ? ಆಮೇಲೆ ಲಾರಿ. ಬಿಚ್ಚಿಕೊಳ್ಳದೆ ಇರುವುದರಲ್ಲೇ ಬೆಕ್ಕಿನ ಬದುಕಿದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವಳದು. ಎಷ್ಟೋ ಸಲ ಆ ಹಟವೇ ಅವಳ ಅನ್ನ ದುಡಿದಿತ್ತು.

ಕೆಂಪು, ಹಳದಿ, ನೀಲಿ ಚಿಂದಿಗಳನ್ನು ಜೋಡಿಸಿ ನೆರಿಗೆ ಹಿಡಿದು, ಒಳಗೆ ಶಾಲೆ ಚೀಲದ ಕ್ಯಾನ್ವಾಸು ಕೊಟ್ಟು, ನೈಲಾನು ದಾರದಲ್ಲಿ ಎರಡು ಸಾಲು ಓಡಿಸಿ ಪಟ್ಟಿ ಮಾಡಿದಳು. ಗುಂಡಿ ಇಟ್ಟರೆ ದೊರೆ ಕಾಲಿನಲ್ಲಿ ಕೆರೆದು ಬಿಚ್ಚೀತು ಎಂದು ಗುಂಡಿಯನ್ನೂ ಇಡಲಿಲ್ಲ. ಕೊರಳಿಗೆ ಸುತ್ತಿ, ಬೆರಳು ತೂರುವಷ್ಟು ಜಾಗ ಬಿಟ್ಟು, ಎರಡು ತುದಿಯನ್ನೂ ಸೂಜಿಯಲ್ಲಿ ಸೇರಿಸಿ ಹೊಲಿದು ಮುಚ್ಚಿಬಿಟ್ಟಳು. ಮುಗಿದ ಮೇಲೆ ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಒಂದೆಳೆಯೂ ಅಲುಗಲಿಲ್ಲ. ದೊರೆ ಸರ್ಕಸ್ಸಿನ ಬಫೂನನಂತೆ ಕಾಣುತ್ತಿತ್ತು. ಅವಮಾನಕ್ಕೆ ಎರಡು ದಿನ ಮೆಷಿನ್ನಿನ ಹಲಗೆ ಹತ್ತಲಿಲ್ಲ.

ಆದರೆ ಕೆಲಸ ನಡೆಯಿತು. ದೊರೆ ಹಿತ್ತಲಿಗೆ ಕಾಲಿಟ್ಟರೆ ಗುಬ್ಬಚ್ಚಿಗಳು ಪುರ್ರೆಂದು ಏಳುತ್ತಿದ್ದವು. ಹೊಟ್ಟೆ ನೆಲಕ್ಕೊತ್ತಿ, ಹಿಂಗಾಲು ಕುಣಿಸಿ, ಇನ್ನೇನು ನೆಗೆಯಬೇಕು, ಅಷ್ಟರಲ್ಲಿ ಕಲ್ಲಿನ ಮೇಲೆ ನುಚ್ಚು ಮಾತ್ರ. ಅದು ಕಂಡು ಅತ್ತೆ ಒಂದು ದಿನ ಬಾಯಿಗೆ ಸೆರಗು ಹಿಡಿದು ನಕ್ಕರು. “ನಿನ್ನ ದೊರೆಗೆ ರಾಜ್ಯ ಹೋಯ್ತು ಕಣೇ” ಎಂದರು. ಅತ್ತೆ ತನ್ನೊಂದಿಗೆ ನಕ್ಕು ಮಾತಾಡಿದ್ದು ಯಾವ ಕಾಲದಲ್ಲೋ, ಅವಳಿಗೆ ನೆನಪಾಗಲಿಲ್ಲ. ಪಿಕಳಾರಗಳು ಅದೇ ದಾಸವಾಳದಲ್ಲಿ ಮತ್ತೆ ಗೂಡು ಕಟ್ಟಿದವು. ಮೂರು ಮೊಟ್ಟೆ, ಮೂರು ಮರಿ.

ಮರಿಗಳಿಗೆ ಪುಕ್ಕ ಮೂಡುತ್ತಿದ್ದಂತೆ ಅತ್ತೆಯ ನಗು ಮತ್ತೆ ಮಾಯವಾಯಿತು.

“ಇನ್ನು ಇವತ್ತೋ ನಾಳೆಯೋ ಗೂಡು ಬಿಡ್ತವೆ” ಎಂದರು ಒಂದು ಬೆಳಗ್ಗೆ. “ಮೊದಲು ನೆಲಕ್ಕೇ ಬೀಳೋದು ಅವು. ಹಾರೋಕೆ ಬಾರದ ಮರಿಗೆ ನಿನ್ನ ಬಣ್ಣ ಕಂಡ್ರೆಷ್ಟು, ಬಿಟ್ರೆಷ್ಟು? ಬೆಕ್ಕನ್ನ ಒಳಗೆ ಕೂಡಿ ಹಾಕು.”

“ಹಾಕ್ತೀನಿ ಅತ್ತೆ.”

“ಸಂಜೆ ಅವನು ಬರ್ತಾನೆ. ಲಾರಿ ಬಾಗಿಲಲ್ಲೇ ನಿಂತಿರುತ್ತೆ. ನೆನಪಿರಲಿ.”

ನೆನಪಿರಲಿ ಎಂದು ಹೇಳಬೇಕಾಗಿಯೇ ಇರಲಿಲ್ಲ. ಅವಳು ದೊರೆಯನ್ನು ಮುಂದಿನ ಕೋಣೆಯಲ್ಲಿ ಕೂಡಿ, ಅಡುಗೆಮನೆಯ ಕಡೆಯ ಬಾಗಿಲಿಗೆ ಚಿಲಕ ಹಾಕಿ, ಬೀದಿ ಬಾಗಿಲನ್ನೂ ಮುಚ್ಚಿ ಮೆಷಿನ್ನಿಗೆ ಕೂತಳು. ಹಿತ್ತಲಿನಿಂದ ಮರಿಗಳ ಕೂಗು ಒಳಗಿನವರೆಗೂ ಕೇಳುತ್ತಿತ್ತು. ದೊರೆಗೆ ಅದು ಸಾಕು. ಬಾಗಿಲಿನ ಬುಡಕ್ಕೆ ಮೂಗಿಟ್ಟು, ಹಲ್ಲು ಕಟಕಟನೆ ಕಡಿಯುತ್ತಾ ಒಂದು ವಿಚಿತ್ರ ಸದ್ದು ಹೊರಡಿಸುತ್ತಿತ್ತು. ಅವಳು ಮೀನಿನ ತುಂಡು ಇಟ್ಟಳು. ಅದು ಮೂಸಿಯೂ ನೋಡಲಿಲ್ಲ. ದಾರದುಂಡೆ ಉರುಳಿಸಿದಳು, ಮುಖ ತಿರುಗಿಸಿತು. ಹೊಸ ಮೇಲಂಗಿಯ ತೋಳಿಗೆ ಹೊಲಿಗೆ ಓಡಿಸುತ್ತಿದ್ದವಳಿಗೆ ಸಾಲು ಸೊಟ್ಟವಾಯಿತು. ಹಾಗೆ ಆಗುವುದೇ ಇಲ್ಲ ಅವಳಿಗೆ. ಬಿಚ್ಚಿ ಮತ್ತೆ ಹೊಲಿದಳು, ಮತ್ತೆ ಸೊಟ್ಟವಾಯಿತು.

ಮಧ್ಯಾಹ್ನ ಊಟವಾಗಿ ಅತ್ತೆ ನಡುಮನೆಯಲ್ಲಿ ಮಗ್ಗುಲಾಗಿದ್ದರು. ಆಗ ಗ್ಯಾರೇಜಿನ ಮೇಸ್ತ್ರಿ ಬಂದ. ಬಾಗಿಲು ತಟ್ಟಿ ಒಳಗೆ ಬರುವ ಅಭ್ಯಾಸ ಅವನಿಗೆ ಹುಟ್ಟಿದಾಗಿನಿಂದಲೂ ಇಲ್ಲ.

“ಅಕ್ಕಾ, ಆಯ್ತಾ ನಮ್ಮ ಬಟ್ಟೆ?” ಎಂದು ಬೀದಿ ಬಾಗಿಲನ್ನು ಪೂರ್ತಿ ತಳ್ಳಿ ಹೊಸ್ತಿಲ ಮೇಲೆ ನಿಂತ.

“ಬಾಗಿಲು ಹಾಕಿ” ಎಂದು ಅವಳು ಎದ್ದಳು. ಅಷ್ಟರಲ್ಲಿ ಅವನ ಎರಡು ಕಾಲುಗಳ ನಡುವೆ ಕೆಂಪು ಹಳದಿ ನೀಲಿ ಏನೋ ಸರ್ರನೆ ಹಾದುಹೋಯಿತು. ಮೇಸ್ತ್ರಿ ಕೆಳಗೆ ನೋಡುವಷ್ಟರಲ್ಲಿ ದೊರೆ ಮನೆಯ ಪಕ್ಕದ ಸಂದಿಗೆ ತಿರುಗಿತ್ತು. ಆ ಸಂದಿ ಮುಗಿಯುವುದು ಹಿತ್ತಲಿನಲ್ಲಿ.

ಬಟ್ಟೆಯ ಗಂಟನ್ನು ಅವನ ಎದೆಗೆ ಒತ್ತಿ ಅವಳು ಒಳಬಾಗಿಲು ತೆಗೆದು ಅಡುಗೆಮನೆಯ ಕಡೆ ಓಡಿದಳು. ನಡುಮನೆ ದಾಟುವಾಗ ಓಟ ನಿಲ್ಲಿಸಿ ತುದಿಗಾಲಿನಲ್ಲಿ ನಡೆದಳು. ಅತ್ತೆ ಏಳಬಾರದು. ಏಳುವುದರೊಳಗೆ ದೊರೆಯನ್ನು ಹಿಡಿದು ತಂದುಬಿಡಬೇಕು. ಹಿತ್ತಲ ಬಾಗಿಲಿನ ಚಿಲಕವನ್ನು ಸದ್ದಾಗದಂತೆ ತೆಗೆದಳು. ತೆಗೆದದ್ದೇ ಪಿಕಳಾರಗಳ ಕಿರುಚಾಟ ಕಿವಿಗೆ ಅಪ್ಪಳಿಸಿತು. ಅದು ಹಾಡಲ್ಲ, ಮರಿಗಳ ಹಸಿವಿನ ಕೂಗೂ ಅಲ್ಲ. ಎರಡೂ ದೊಡ್ಡ ಹಕ್ಕಿಗಳು ದಾಸವಾಳದ ಸುತ್ತ ರೆಕ್ಕೆ ಬಡಿಯುತ್ತಿದ್ದವು.

ದೊರೆ ಗಿಡದಲ್ಲಿ ನೇತಾಡುತ್ತಿತ್ತು.

ಗೂಡಿಗೆ ನೆಗೆದಿರಬೇಕು. ಹೋದ ತಿಂಗಳು ಅತ್ತೆ ಸವರಿದ ಕೊಂಬೆಯೊಂದರ ಮೊಂಡು ತುದಿ ಕೊರಳ ಪಟ್ಟಿಯೊಳಗೆ ತೂರಿ, ಬೆಕ್ಕು ಅದರಲ್ಲಿ ಒಂದು ಸುತ್ತು ತಿರುಚಿಕೊಂಡು, ಹಿಂಗಾಲು ಗಾಳಿಯಲ್ಲಿ ಒದೆಯುತ್ತಿತ್ತು. ಗೂಡು ಅದರ ಮೂಗಿನಿಂದ ಒಂದು ಗೇಣು ದೂರ. ಗಂಟಲಿನಿಂದ ಸದ್ದು ಬರುತ್ತಿರಲಿಲ್ಲ. ಕಣ್ಣು ಹೊರಗೆ ಬಂದಿತ್ತು.

ಅವಳು ಒಂದು ಕೈಯಲ್ಲಿ ಅದರ ಮೈ ಎತ್ತಿ ಇನ್ನೊಂದರಲ್ಲಿ ಪಟ್ಟಿಯನ್ನು ಜಗ್ಗಿದಳು. ತಿರುಚಿದ ಕ್ಯಾನ್ವಾಸು ಮೊಂಡಿಗೆ ಕಚ್ಚಿಕೊಂಡಿತ್ತು. ಕೊಂಬೆ ಮುರಿಯಲು ನೋಡಿದಳು, ಹಸಿಕೊಂಬೆ, ಬಾಗಿತೇ ಹೊರತು ಮುರಿಯಲಿಲ್ಲ. ಹೊಲಿಗೆಗೆ ಉಗುರು ಹಾಕಿ ಕಿತ್ತಳು, ಹಲ್ಲು ಹಾಕಿದಳು. ಒಂದೆಳೆ ಬಿಡಬೇಕಲ್ಲ! ತನ್ನ ಕೈಯನ್ನು ತಾನೇ ಶಪಿಸಿದಳು. ಹಾಳು ಕೈ, ಕಡಿದು ಹಾಕಬೇಕು ಇದನ್ನ ಎಂದು ಅತ್ತಳು. ಹಾಗೇ ಹಿಡಿದುಕೊಂಡು ನಿಂತರೆ ಬೆಕ್ಕು ಉಸಿರಾಡೀತು, ಆದರೆ ಕತ್ತರಿ ಒಳಗಿದೆ. ಕತ್ತರಿಗೆ ಹೋದರೆ ಬೆಕ್ಕು ಉಳಿಯುವುದಿಲ್ಲ.

“ಸರಿ ಆಚೆ.”

ಅತ್ತೆ ಹಿಂದೆ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

“ಅತ್ತೆ, ಅದು ಗೂಡು ಮುಟ್ಟಿಲ್ಲ, ಆಣೆಗೂ...”

“ಮಾತು ಆಮೇಲೆ. ನಾನು ಹಿಡ್ಕೋತೀನಿ, ನೀನು ಕತ್ತರಿ ತಗೊಂಡು ಬಾ.”

ಅವಳ ಕೈ ಬಿಡಲು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವಳಿಗೆ ಹೊಳೆದದ್ದು ಒಂದೇ: ಇವರು ಬಿಟ್ಟುಬಿಡುತ್ತಾರೆ. ಕೈ ಜಾರಿತು ಅಂದರೆ ಸಾಕು, ಕೇಳುವವರು ಯಾರು? ಲಾರಿಯೂ ಬೇಡ, ಗೋಡೌನೂ ಬೇಡ. ಅತ್ತೆ ಅವಳ ಮುಖದಲ್ಲಿ ಅದನ್ನು ಓದಿದರೋ ಏನೋ, ಅವಳನ್ನು ಭುಜದಿಂದ ಪಕ್ಕಕ್ಕೆ ನೂಕಿ, ಎರಡೂ ತೋಳು ಬೆಕ್ಕಿನ ಹೊಟ್ಟೆಯಡಿ ಕೊಟ್ಟು ಎತ್ತಿ ಹಿಡಿದರು. ಪ್ರಾಣಭಯದಲ್ಲಿದ್ದ ದೊರೆ ನಾಲ್ಕೂ ಕಾಲಿನ ಉಗುರು ಅವರ ತೋಳಿಗೆ ಹೂಡಿತು.

“ಓಡೇ” ಎಂದರು ಅತ್ತೆ, ಹಲ್ಲು ಕಚ್ಚಿ.

ಅವಳು ಓಡಿದಳು. ಕತ್ತರಿ ಗೋಡೆಯ ಮೊಳೆಯಲ್ಲಿ ತನ್ನ ಜಾಗದಲ್ಲೇ ಇತ್ತು. ಮೇಸ್ತ್ರಿ ಇನ್ನೂ ಹೊಸ್ತಿಲಲ್ಲಿ ನಿಂತು ಏನೋ ಕೇಳಿದ, ಕೇಳಿಸಲಿಲ್ಲ. ಕಿತ್ತುಕೊಂಡು ತಿರುಗಿ ಓಡುವಾಗ ಅವಳ ಕಣ್ಣಿಗೆ ಬೇರೇನೂ ಕಾಣುತ್ತಿರಲಿಲ್ಲ, ಅತ್ತೆಯ ತೋಳು ಮೇಲಿದೆಯೋ ಕೆಳಗಿದೆಯೋ ಅದೊಂದೇ. ಹಿತ್ತಲ ಮೆಟ್ಟಿಲು ಇಳಿದಳು. ತೋಳು ಮೇಲೇ ಇತ್ತು. ಮೊಣಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು, ತಾಯಿಹಕ್ಕಿ ಅವರ ತಲೆಗೇ ಕುಟುಕಲು ಬರುತ್ತಿತ್ತು, ಆದರೂ ಅವರು ಬೆಕ್ಕನ್ನು ಕೂಸಿನಂತೆ ಎದೆಮಟ್ಟಕ್ಕೆ ಎತ್ತಿ ಹಿಡಿದೇ ಇದ್ದರು. ಕೆಳಗೆ ಹುಲ್ಲಿನಲ್ಲಿ ಅವಳ ಬರಿಗಾಲಿನಡಿ ಮೆತ್ತಗೆ ಏನೋ ಸಿಕ್ಕಿತು. ಬೆಚ್ಚಗಿತ್ತು. ಅವಳು ನಿಲ್ಲಲಿಲ್ಲ.

ಟಾರ್ಪಾಲು ಕತ್ತರಿಸುವ ಕತ್ತರಿ. ಅದಕ್ಕೂ ಒಂದೇ ಏಟಿಗೆ ಆಗಲಿಲ್ಲ. ಮೂರನೆಯ ಸಲಕ್ಕೆ ಪಟ್ಟಿ ತುಂಡಾಯಿತು. ದೊರೆ ಅತ್ತೆಯ ತೋಳಿನಿಂದ ನೆಲಕ್ಕೆ ಬಿದ್ದು, ಕೆಮ್ಮಿ, ಮತ್ತೆ ಕೆಮ್ಮಿ, ಹೊಟ್ಟೆ ಎಳೆದುಕೊಂಡು ಅಡುಗೆಮನೆಯೊಳಗೆ ಓಡಿ ಅಕ್ಕಿ ಡಬ್ಬದ ಹಿಂದೆ ಸೇರಿತು. ಬದುಕಿತ್ತು. ಅವಳು ಕತ್ತರಿ ಕೆಳಗಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಂಗಾಲು ಮಾತ್ರ ಇನ್ನೂ ಬೆಚ್ಚಗಿತ್ತು.

ಅತ್ತೆ ತಮ್ಮ ಕೈ ನೋಡಿಕೊಳ್ಳಲಿಲ್ಲ, ಗೂಡಿನತ್ತ ನೋಡಿದರು. ಗೂಡು ಖಾಲಿಯಾಗಿತ್ತು. ಗದ್ದಲಕ್ಕೆ ಹೆದರಿ ಮರಿಗಳು ಹೊತ್ತಿಗೆ ಮುಂಚೆಯೇ ಹೊರಗೆ ಹಾರಿದ್ದವು. ಒಂದು ನಿಂಬೆ ಗಿಡದ ಕೆಳಕೊಂಬೆಯಲ್ಲಿ ಕೂತು ತೂಗುತ್ತಿತ್ತು. ಇನ್ನೊಂದು ಕಾಂಪೌಂಡಿನ ಗೋಡೆಯ ಮೇಲೆ. ದೊಡ್ಡ ಹಕ್ಕಿಗಳು ಆ ಎರಡರ ಕಡೆಗೂ ಹಾರಿ ಹಾರಿ ಕರೆಯುತ್ತಿದ್ದವು.

“ಮೂರನೇದು?” ಎಂದರು ಅತ್ತೆ.

ಅವಳಿಗೆ ಗೊತ್ತಿತ್ತು. ಆದರೂ ಅತ್ತೆಯ ಜೊತೆಗೆ ತಾನೂ ಹುಡುಕುವವಳಂತೆ ಗಿಡದ ಮೇಲೆ ನೋಡಿದಳು, ಗೋಡೆಯ ಮೇಲೆ ನೋಡಿದಳು. ಅತ್ತೆಯೇ ಅದನ್ನು ಹುಲ್ಲಿನಲ್ಲಿ ಕಂಡರು. ಬಗ್ಗಿ, ರಕ್ತದ ಕೈಯಲ್ಲೇ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಬಾಲದ ಬುಡದಲ್ಲಿ ಕೆಂಪು ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಹೆಬ್ಬೆರಳಿನಿಂದ ಅದರ ಪುಕ್ಕ ಸವರಿದರು. ಆಮೇಲೆ, “ಸಿಕ್ಕಿಬೀಳೋಕೆ ಮುಂಚೇನೇ ಮುಗಿಸಿತ್ತು ಅನ್ನು ನಿನ್ನ ದೊರೆ” ಎಂದರು. ಕೋಪವಿರಲಿಲ್ಲ ದನಿಯಲ್ಲಿ, ದಣಿವಿತ್ತು. “ಕೈ ಇಷ್ಟು ಹರಿದ್ಕೊಂಡು ಹಿಡ್ಕೊಂಡೆನಲ್ಲ, ಇದಕ್ಕೇನಾ? ಆಗ್ಲಿ. ಜೀವ ಉಳೀತಲ್ಲ. ಗೋಡೌನಿನಲ್ಲಿ ಬದುಕಿಕೊಳ್ಳುತ್ತೆ.”

ಸುಮ್ಮನಿದ್ದರೆ ಬೆಕ್ಕು ಹೋಗುತ್ತದೆ. ಬಾಯಿ ಬಿಟ್ಟರೆ ಈ ಮನೆಯಲ್ಲಿ ಇನ್ನೆಂದೂ ತಲೆಯೆತ್ತಿ ಓಡಾಡುವ ಹಾಗಿಲ್ಲ. ಅತ್ತೆ ತನ್ನ ಬೆಕ್ಕನ್ನು ಎತ್ತಿ ಹಿಡಿದಿದ್ದ ಹೊತ್ತಿನಲ್ಲೇ ತಾನು ಅವರ ಹಕ್ಕಿಯನ್ನು ತುಳಿದಿದ್ದಳು. ದೂರದಲ್ಲಿ ಯಾವುದೋ ಲಾರಿ ಹಾರನ್ ಹೊಡೆಯಿತು. ಗಂಡನದಲ್ಲ, ಆದರೂ ಬೀದಿಯ ಕಡೆ ತಿರುಗಿ ನೋಡಿದಳು.

“ಬೆಕ್ಕಲ್ಲ ಅತ್ತೆ” ಎಂದಳು.

“ಮತ್ತೆ?”

“ನಾನು. ಕತ್ತರಿ ತಗೊಂಡು ಓಡಿ ಬರುವಾಗ. ಕಾಲಿಗೆ ಸಿಕ್ಕಿದ್ದು ಗೊತ್ತಾಯ್ತು, ಆದ್ರೂ ನಿಲ್ಲಲಿಲ್ಲ. ನಿಮ್ಮ ಕೈ ಕೆಳಗೆ ಬಂದುಬಿಡುತ್ತೇನೋ ಅಂತ ಅದನ್ನೇ ನೋಡ್ತಿದ್ದೆ.” ಇಷ್ಟು ಹೇಳಿ ಅವಳು ತನ್ನ ಬಲಗಾಲನ್ನು ಎತ್ತಿ ತೋರಿಸಿದಳು, ಶಾಲೆಯ ಮಗು ಗಾಯ ತೋರಿಸುವ ಹಾಗೆ. ಅಂಗಾಲಿಗೆ ಒಂದು ಸಣ್ಣ ಪುಕ್ಕ ಅಂಟಿತ್ತು.

ಅತ್ತೆ ಆ ಕಾಲನ್ನು ನೋಡಿದರು. ಅಂಗೈಯಲ್ಲಿದ್ದುದನ್ನು ನೋಡಿದರು. ನಿಂಬೆ ಗಿಡದಲ್ಲಿ ತಾಯಿಹಕ್ಕಿ ಮರಿಯ ಬಾಯಿಗೆ ಏನನ್ನೋ ತುರುಕಿ ಮತ್ತೆ ಹಾರಿತು. ಅತ್ತೆ ನಿಧಾನಕ್ಕೆ ಸ್ಟೂಲಿನ ಮೇಲೆ ಕುಸಿದರು. ಅವರ ಕಣ್ಣಿನಿಂದ ನೀರು ಇಳಿಯುವುದನ್ನು ಅವಳು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಕಂಡಳು.

“ಹಾಗಾದ್ರೆ ಸಂಜೆ ಲಾರಿಗೆ ಯಾರನ್ನ ಹತ್ತಿಸ್ಲಿ, ನೀನೇ ಹೇಳು” ಎಂದರು.

ಅತ್ತೆ ಮರಿಯನ್ನು ಮಡಿಲಿಗೆ ಇಳಿಸಿಕೊಂಡು, ಗೀರು ಗೀರಾದ ಎರಡೂ ತೋಳನ್ನು ಅವಳ ಕಡೆಗೆ ಚಾಚಿದರು.

“ಮೊದಲು ಇದನ್ನ ತೊಳಿ. ತುಂಬಾ ಉರೀತಿದೆ.”